ಸುಣ್ಣದ ಹೆಬ್ಬೆಟ್ಟು

ನಮ್ಮ ಅತ್ತೆ ಯಾವುದನ್ನೂ ತೊಳೆಯದೆ ಬಿಟ್ಟವರಲ್ಲ. ಸಂತೆಯಿಂದ ಬಂದ ಬದನೆಕಾಯಿ ತೊಳೆಯುವುದು ಸರಿ. ಬದನೆಕಾಯಿ ತಂದ ಚೀಲ, ಚೀಲ ನೇತುಹಾಕುವ ಗೂಟ, ಅದನ್ನೂ ತೊಳೆಯುತ್ತಿದ್ದರು. ಊಟಕ್ಕೆ ಕೂತವರ ಕೈಯನ್ನು ಮೊದಲು ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ನಮ್ಮವರ ಕೈ ಮಾತ್ರ ಅವರಿಗೆ ಎಂದೂ ಸರಿಬರಲಿಲ್ಲ. ಮೋಟಾರು ಬಿಚ್ಚಿ ಕಟ್ಟುವ ಮನುಷ್ಯನ ಉಗುರಿನ ಸಂದಿಯ ಕಪ್ಪು ಯಾವ ಬೂದಿಗೂ ಜಗ್ಗುವುದಿಲ್ಲ. "ಮತ್ತೊಮ್ಮೆ ತೊಳಕೊಂಡ ಬಾ ಹೋಗು" ಎಂದು ಮೀಸೆ ಬಂದ ಮಗನನ್ನು ಬಚ್ಚಲಿಗೆ ಅಟ್ಟುತ್ತಿದ್ದರು. ಅವರು ಹೋಗಿ ಸುಮ್ಮನೆ ನೀರಿನ ಸಪ್ಪಳ ಮಾಡಿ ಬರುತ್ತಿದ್ದರು.

ಆಗ ನಾವು ಗೋಕಾಕದಲ್ಲಿದ್ದೆವು. ಕನ್ನಡದವರೆಲ್ಲ ಒಂದೇ ರಾಜ್ಯಕ್ಕೆ ಬರಲು ಇನ್ನೂ ಸ್ವಲ್ಪ ಕಾಲವಿತ್ತು. ನಮ್ಮ ಕಾಗದಪತ್ರಗಳೆಲ್ಲ ಮುಂಬಯಿ ಕಡೆಗೇ ಹೋಗುತ್ತಿದ್ದವು. ಮನೆಯಲ್ಲಿ ಕಾರಿತ್ತು ಎಂದರೆ ಈಗಿನವರು ನಮ್ಮನ್ನು ದೊಡ್ಡ ಕುಳ ಎಂದುಕೊಂಡಾರು. ಅದು ದೊಡ್ಡ ಯುದ್ಧಕ್ಕೂ ಮುಂಚಿನ ಗಾಡಿ. ನಮ್ಮವರ ಕೈಗೆ ಬರುವ ಹೊತ್ತಿಗೆ ಅದರ ಮೂಲ ಬಣ್ಣ ಯಾವುದೆಂದು ಖಾತ್ರಿಯಾಗಿ ಹೇಳುವವರೇ ಉಳಿದಿರಲಿಲ್ಲ. ಗೋಕಾಕದಿಂದ ಘಟಪ್ರಭಾ ಸ್ಟೇಶನ್ನಿಗೆ, ರೈಲಿನ ವೇಳೆ ನೋಡಿಕೊಂಡು ಅದನ್ನು ಬಾಡಿಗೆಗೆ ಹೊಡೆಯುತ್ತಿದ್ದರು. ಒಳಗೆ ಹಿಡಿದಷ್ಟು ಜನ, ಹೊರಗೆ ಪಾವಟಿಗೆಯ ಮೇಲೆ ಜೋತುಬಿದ್ದಷ್ಟು ಜನ. ಮದುವೆಯ ಕಾಲ ಬಂತೆಂದರೆ ಮೂಡಲಗಿ, ಹುಕ್ಕೇರಿ, ಹತ್ತರಗಿ ಎಂದು ತಿರುಗುತ್ತಿತ್ತು. ನಮ್ಮ ಮನೆ ನಡೆಯುತ್ತಿದ್ದುದು ಅದರಿಂದಲೇ.

ಗಾಡಿ ಕೆಟ್ಟರೆ ಮನೆಯ ಹಿತ್ತಲೇ ಗ್ಯಾರೇಜು, ಕೈಯಾಳು ನಾನೇ. ನಮಗೆ ಮಕ್ಕಳಿರಲಿಲ್ಲ, ಮನೆಗೆಲಸ ಬೇಗ ಮುಗಿಯುತ್ತಿತ್ತು. "ಏ, ಇದನ್ನೊಂಚೂರು ಹಿಡಿ" ಎಂದು ಶುರುವಾದದ್ದು ಹಾಗೇ ಬೆಳೆಯಿತು. ಗಾಡಿಯ ಕೆಳಗಿನಿಂದ ಒಂದು ಕೈ ಹೊರಬರುತ್ತಿತ್ತು, ಆ ಕೈಗೆ ನಟ್ಟು ತಿರುಗಿಸುವ ಯಾವ ಪಾನಾ ಬೇಕೆಂದು ನನಗೆ ತಿಳಿಯುತ್ತಿತ್ತು. "ಹೆಂಡ್ತಿಗೆ ಬಳಿ ಕೊಡಸೂದ ಬಿಟ್ಟು ಪಾನಾ ಕೊಡಿಸ್ಯಾನ ನೋಡ್ರಿ" ಎಂದು ಓಣಿಯ ಹೆಂಗಸರು ನಗುತ್ತಿದ್ದರು. ನಗಲಿ ಬಿಡಿ, ಅವರವರ ಗಂಡಂದಿರು ಅವರ ಕೈಗೆ ಕೊಟ್ಟದ್ದೇನೆಂದು ನನಗೂ ಗೊತ್ತಿತ್ತು.

ನಮ್ಮವರಿಗೆ ತಂಬಾಕಿನ ಚಟ. ಅಂಗಿಯ ಕಿಸೆಯಲ್ಲಿ ತಂಬಾಕಿನ ಚಂಚಿ, ಅದರ ಜೊತೆಗೆ ಸುಣ್ಣದ ಪುಟ್ಟ ಡಬ್ಬಿ ಯಾವಾಗಲೂ ಇರುತ್ತಿತ್ತು. ಗಾಡಿ ಬಿಚ್ಚುವಾಗ ಒಂದೊಂದು ಭಾಗ ಕೈಗೆ ಬಂದ ಕೂಡಲೇ ಆ ಡಬ್ಬಿ ತೆಗೆದು, ಹೆಬ್ಬೆಟ್ಟಿಗೆ ಸುಣ್ಣ ಹಚ್ಚಿಕೊಂಡು ಅದರ ಮೇಲೆ ಒತ್ತುತ್ತಿದ್ದರು. ಎಡಗಡೆಯದಕ್ಕೆ ಒಂದು ಹೆಬ್ಬೆಟ್ಟು, ಬಲಗಡೆಯದಕ್ಕೆ ಎರಡು. ಮುಂದೆ-ಹಿಂದೆ ಇರುವ ಸಾಮಾನಾದರೆ ಮುಂದಿನ ತುದಿಗೆ ಒತ್ತು. ಚಿಕ್ಕಂದಿನಲ್ಲಿ ಕುಡುಗೋಲು ತಾಗಿ ಅವರ ಹೆಬ್ಬೆಟ್ಟಿನ ಮೇಲೆ ಓರೆಯಾಗಿ ಒಂದು ಗಾಯದ ಗೆರೆ ಉಳಿದಿತ್ತು. ಸುಣ್ಣ ಒಣಗಿದ ಮೇಲೆ ಆ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಈ ಗಾಡಿಯ ಪುಸ್ತಕ ನಮ್ಮ ಬಳಿ ಇರಲಿಲ್ಲ, ಇದ್ದಿದ್ದರೂ ಓದಿ ಹೇಳುವವರಿರಲಿಲ್ಲ. ಸುಣ್ಣದ ಗುರುತು ನೋಡಿ ಬಿಚ್ಚಿದ್ದನ್ನು ಹಾಗೇ ತಿರುಗಿ ಕಟ್ಟುವುದು, ಅಷ್ಟೇ ನಮ್ಮ ವಿದ್ಯೆ.

ಆ ಸಲ ಮುಂದಿನ ಪಾಟಾ ಕಟ್ಟಾಗಿತ್ತು. ಗಾಡಿಯ ಭಾರ ಹೊರಲು ಅಚ್ಚಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದಲ್ಲ, ಅದಕ್ಕೆ ನಮ್ಮ ಕಡೆ ಪಾಟಾ ಎನ್ನುತ್ತಾರೆ. ಒಂದು ಪಟ್ಟಿ ಮುರಿದಿತ್ತು, ಪಟ್ಟಿಯ ತುದಿಯ ಸುರುಳಿ ಕಣ್ಣಿಗೆ ಹಾಕುವ ಹಿತ್ತಾಳೆ ಬುಷ್‌ಗಳೂ ಸವೆದಿದ್ದವು. ನಮ್ಮವರು ಗಾಡಿಯ ಮೂತಿಯನ್ನು ಎತ್ತಿ ಕಲ್ಲು-ದಿಮ್ಮಿಗಳ ಮೇಲೆ ನಿಲ್ಲಿಸಿ, ಗಾಲಿ ಕಳಚಿ, ಅಚ್ಚು ಇಳಿಸಿ, ಎರಡೂ ಪಾಟಾ ಬಿಚ್ಚಿ, ಎಲ್ಲಕ್ಕೂ ಸುಣ್ಣದ ಬೆರಳೊತ್ತಿ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟರು. ಹೊಸ ಪಟ್ಟಿ, ಹೊಸ ಬುಷ್ ಬೆಳಗಾವಿಯಿಂದ ಬಂದವು. ಅವು ಬಂದ ದಿನವೇ ಅವರಿಗೆ ಜ್ವರ ಬಂತು.

ಮಾಮೂಲಿ ಜ್ವರ ಎಂದುಕೊಂಡೆವು. ಅದು ಇಳಿಯಲಿಲ್ಲ. ಘಟಪ್ರಭಾದ ಆಸ್ಪತ್ರೆಗೆ ಒಯ್ಯಬೇಕಾಯಿತು. ಊರವರ ಹೆರಿಗೆಗೆ, ಹಾವು ಕಡಿದವರಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಅದೇ ರಸ್ತೆಯಲ್ಲಿ ಗಾಡಿ ಓಡಿಸಿದ ಮನುಷ್ಯನನ್ನು ನಾವು ಮಂದಿಯ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಒಯ್ದೆವು. ನಮ್ಮ ಗಾಡಿ ಹಿತ್ತಲಲ್ಲಿ ಮುಂಗಾಲಿಲ್ಲದೆ ಕೂತಿತ್ತು. ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಮತ್ತದೇ ಎತ್ತಿನ ಗಾಡಿಯಲ್ಲಿ ಅವರನ್ನು ತಿರುಗಿ ತಂದೆವು.

ನನಗೆ ಅಳು ಬರಲಿಲ್ಲ. ಇದನ್ನು ದೊಡ್ಡಸ್ತಿಕೆ ಎಂದು ಹೇಳುತ್ತಿಲ್ಲ, ನಾಚಿಕೆ ಎಂದೂ ಅಲ್ಲ. ಬರಲಿಲ್ಲ, ಅಷ್ಟೇ. ಬಳೆ ಒಡೆದರು, ಕೈ ಮುಂದೆ ಮಾಡಿದೆ. ಕುಂಕುಮ ಒರೆಸಿದರು, ಹಣೆ ಮುಂದೆ ಮಾಡಿದೆ. "ಅತ್ತಬಿಡವಾ, ಹಗುರಾಗತೈತಿ" ಎಂದು ಓಣಿಯ ಹೆಂಗಸರು ಬೆನ್ನು ಸವರಿದರು. ಮೊದಮೊದಲು ಕರುಣೆಯಿಂದ ಹೇಳಿದರು, ಆಮೇಲಾಮೇಲೆ ಅದರಲ್ಲಿ ಸ್ವಲ್ಪ ಸಿಟ್ಟೂ ಸೇರಿತು. ಬಂದ ಕೆಲಸ ಆಗದೆ ಎದ್ದು ಹೋಗುವವರ ಸಿಟ್ಟು ಅದು. ನನಗೆ ಹಸಿವೂ ಆಗುತ್ತಿರಲಿಲ್ಲ. ಅತ್ತೆ ರೊಟ್ಟಿ ತಂದು ಮುಂದಿಡುತ್ತಿದ್ದರು. ನಾನು ಮುರಿದು ತಾಟಿನ ಈ ಕಡೆಯಿಂದ ಆ ಕಡೆ ಸರಿಸುತ್ತಿದ್ದೆ. ಬಾಯಿಗಿಟ್ಟರೆ ಅಗಿಯುವುದು ನೆನಪಾಗುತ್ತಿರಲಿಲ್ಲ.

ದಿನಕಾರ್ಯ ಮುಗಿದ ಮೇಲೆ ಸೂತಕ ಕಳೆಯಲು ಮನೆಯೆಲ್ಲ ಸಾರಿಸಿದರು. ಹಾಸಿಗೆ ಹೊದಿಕೆ ಹೊಳೆಗೆ ಹೋದವು, ಗಡಿಗೆಗಳು ತಿಪ್ಪೆಗೆ ಹೋದವು. ಸತ್ತವರ ಕೈ ತಾಗಿದ್ದೆಲ್ಲ ತೊಳೆಯಬೇಕು. ನಾನು ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದೆ. ಹಿತ್ತಲಿಂದ ಬಹಳ ಹೊತ್ತು ಖರಖರ ತಿಕ್ಕುವ ಸಪ್ಪಳ ಬರುತ್ತಿತ್ತು. ಪಾತ್ರೆ ಇರಬೇಕೆಂದುಕೊಂಡೆ. ನಮ್ಮ ಮನೆಯಲ್ಲಿ ಅಷ್ಟು ಪಾತ್ರೆ ಎಲ್ಲಿವೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಎದ್ದು ಹೋಗಿ ನೋಡಿದರೆ ಪಾಟಾದ ಪಟ್ಟಿಗಳು, ಬೋಲ್ಟು, ಪಿನ್ನು, ಉಕ್ಕಿನ ತಾಟು ಎಲ್ಲ ಬಿಸಿಲಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು. ಅತ್ತೆ ಒಲೆಯ ಬೂದಿ, ಹುಣಸೆಹುಳಿ ಹಚ್ಚಿ ಒಂದೊಂದನ್ನೂ ತಿಕ್ಕಿ, ಬಿಸಿನೀರು ಹೊಯ್ದು, ಹಬ್ಬದ ತಾಮ್ರದ ಸಾಮಾನಿನ ಹಾಗೆ ಒಣಹಾಕಿದ್ದರು. ಅವರ ಬೆರಳ ತುದಿಗಳು ಹುಳಿ ತಿಂದು ಸುಲಿದಿದ್ದವು. ಸುಣ್ಣದ ಗುರುತು ಒಂದೂ ಉಳಿದಿರಲಿಲ್ಲ. ಮಾರನೆಯ ದಿನವೇ ಎಲ್ಲದರ ಮೇಲೆ ಕೆಂಪು ತುಕ್ಕು ಹತ್ತಿತು. ನಾನು ಕೂತು ಒಂದೊಂದಕ್ಕೂ ಹಳೆಯ ಎಣ್ಣೆ ಬಳಿದೆ.

ಹುಕ್ಕೇರಿಯಲ್ಲಿದ್ದ ನನ್ನ ಮೈದುನ ಬಂದ. ಅವನು ಅಲ್ಲಿ ಹಿಟ್ಟಿನ ಗಿರಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದ. ಹೆಂಡತಿ, ಎಳೆಗೂಸು, ಒಂದೇ ಖೋಲಿಯ ಬಾಡಿಗೆ ಮನೆ. ನನ್ನಪ್ಪ ನನ್ನ ತವರೂರು ದಡ್ಡಿಯಿಂದ ಬಂದು ಆಗಲೇ ಹೇಳಿ ಹೋಗಿದ್ದ: "ಅಮಾಸಿ ಕಳೀಲಿ, ಬಂದ ಕರಕೊಂಡ ಹೋಗ್ತೀನಿ." ಮೈದುನ ಹೇಳಿದ್ದು ಇನ್ನೂ ಸರಳವಾಗಿತ್ತು.

"ಗಾಡಿ ಎದ್ದರ ನಾ ಗಿರಣಿ ಬಿಟ್ಟು ಇಲ್ಲೇ ಬರ್ತೀನ್ರಿ ವೈನಿ. ಸ್ಟೇಶನ್ ಬಾಡಿಗಿ ನಾ ಹೊಡೀತೀನಿ, ಎಲ್ಲಾರೂ ಕೂಡೇ ಇರೂಣು. ಏಳಲಿಲ್ಲಂದ್ರ ಅವ್ವನ್ನ ಹುಕ್ಕೇರಿಗೆ ಕರಕೊಂಡ ಹೋಗೂದು, ಈ ಮನಿಗೆ ಕೀಲಿ ಹಾಕೂದು. ಮತ್ತೇನ ಮಾಡಾಕ ಬರತೈತಿ?"

ನಾನು ತವರಿಗೆ ಹೋದರೆ ನನ್ನನ್ನು ಯಾರೂ ಹಗುರಾಗಿ ನೋಡುತ್ತಿರಲಿಲ್ಲ. ಅಣ್ಣ ಒಳ್ಳೆಯವನು, ಅತ್ತಿಗೆಯೂ ಒಳ್ಳೆಯವಳು. ತುಂಬಿದ ಸಂಸಾರದಲ್ಲಿ ನನಗೊಂದು ಮೂಲೆ ಮಾಡಿಕೊಟ್ಟು ಪ್ರೀತಿಯಿಂದಲೇ ಅನ್ನ ಹಾಕುತ್ತಿದ್ದರು. ಆ ಮೂಲೆ ನನ್ನ ಕಣ್ಣಿಗೆ ಕಾಣುತ್ತಿತ್ತು, ಜೋಳದ ಚೀಲಗಳ ಪಕ್ಕದ್ದು. ಆ ದಿನಗಳಲ್ಲಿ ನನಗೆ ಬೇಕು ಎನಿಸಿದ್ದು ಏನೂ ಇರಲಿಲ್ಲ, ಆದರೆ ಬೇಡ ಎನಿಸಿದ್ದು ಇದೊಂದಿತ್ತು. ಇಲ್ಲಿಯೇ ಇರಬೇಕೆಂದರೆ ಗಾಡಿ ಏಳಬೇಕು, ಗಾಡಿ ಎದ್ದೇಳಲು ಗುರುತು ಬೇಕು, ಗುರುತು ಬೂದಿಯಲ್ಲಿ ಹೋಗಿತ್ತು.

ತೊಳೆದ ರಾಶಿಯನ್ನು ನೋಡಿ ಮೈದುನನ ಮುಖ ಬಿಳಿಚಿಕೊಂಡಿತು. ಅಣ್ಣನ ಸುಣ್ಣದ ಪದ್ಧತಿ ಅವನಿಗೂ ಗೊತ್ತಿತ್ತು. ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದ.

"ಅವ್ವಗ ಹೇಳಬ್ಯಾಡ್ರಿ ವೈನಿ. ತಿಳದ್ರ ಎದಿ ಒಡಕೊಂತಾಳ."

"ನಾ ಯಾಕ ಹೇಳಲಿ" ಎಂದೆ. ಹಾಗಾಗಿ ಆ ದಿನದಿಂದ ನಾವಿಬ್ಬರೂ ಗುರುತಿನ ಮಾತೆತ್ತದೆ, ಏನೂ ಆಗಿಲ್ಲವೆಂಬಂತೆ ಕೆಲಸ ಮಾಡಿದೆವು. ಅತ್ತೆ ಚಹಾ ತಂದಾಗ ಮೈದುನ "ಎಷ್ಟ ಸ್ವಚ್ಛ ಮಾಡೀಯವಾ, ಕೈಗೆ ಮಣ್ಣ ಹತ್ತವಲ್ದು" ಎಂದು ಹೊಗಳುವುದು ಬೇರೆ. ಅವರು ಬಟ್ಟಲು ಇಟ್ಟು ಒಳಗೆ ಹೋಗುತ್ತಿದ್ದರು.

ಕೆಲಸ ಮಾಡುವಾಗ ನನಗೆ ದುಃಖವೂ ಇರಲಿಲ್ಲ, ಸುಖವೂ ಇರಲಿಲ್ಲ. ಕೈಗಳು ನನ್ನವಲ್ಲದ ಹಾಗೆ ತಮ್ಮ ಪಾಡಿಗೆ ನಡೆಯುತ್ತಿದ್ದವು. ಪಟ್ಟಿಗಳನ್ನು ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ ಬರುವಂತೆ ಅಡಕಿ, ನಡುವೆ ಗ್ರೀಸು ಸವರಿ, ನಟ್ಟನಡುವೆ ಬೋಲ್ಟು ಇಳಿಸಬೇಕು. ಒಂದರ ಬಾಗು ಇನ್ನೊಂದಕ್ಕೆ ಹೊಂದುವುದಿಲ್ಲ, ಮೇಲಿಂದ ಒತ್ತಿ ಹಿಡಿಯಬೇಕು. ನಮ್ಮವರು ನನ್ನನ್ನೇ ಅದರ ಮೇಲೆ ನಿಲ್ಲಿಸಿ ತಾವು ನಟ್ಟು ಬಿಗಿಯುತ್ತಿದ್ದರು, "ನಿನ್ನ ತೂಕ ಇದಕ್ಕಾದ್ರೂ ಬಂತಲ್ಲ" ಎಂದು ಕಾಡುತ್ತಿದ್ದರು. ಈಗಲೂ ನಾನೇ ನಿಂತೆ. ಮೈದುನ ಏನೂ ಅನ್ನದೆ ನಟ್ಟು ಬಿಗಿದ. ಹೊಸ ಬುಷ್‌ಗಳನ್ನು ಕಟ್ಟಿಗೆಯ ತುಂಡಿಟ್ಟು ಬಡಿದು ಕೂರಿಸಿದೆವು. ಪಾಟಾಗಳನ್ನು ಗಾಡಿಯ ಅಡಿಯ ಚಾಸಿಗೆ ನೇತುಹಾಕಿ, ಕೆಳಗಿನಿಂದ ಅಚ್ಚನ್ನು ಜಾಕಿಯಿಂದ ಎತ್ತಿ ಅವಕ್ಕೆ ತಾಗಿಸಿದೆವು. ಎರಡು ಕಾಲಿನ ದೊಡ್ಡ ಬೋಲ್ಟುಗಳನ್ನು ಮೇಲಿಂದ ತೊಡಿಸಿ, ಒಂದೊಂದು ಕಡೆಯ ನಾಲ್ಕೂ ನಟ್ಟನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿದೆವು.

ಜೋಡಿಸುವಾಗ ಒಂದು ಸಾಮಾನು ಉಳಿಯಿತು. ಅಂಗೈ ಅಗಲದ ಉಕ್ಕಿನ ಬೆಣೆ, ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು, ನಡುವೆ ತೂತು.

"ಇದೆಲ್ಲಿದ್ರಿ ವೈನಿ?"

ನನಗೆ ನೆನಪಿರಲಿಲ್ಲ. ಅಚ್ಚು ಇಳಿಸುವಾಗ ನಾನು ರೊಟ್ಟಿ ಬಡಿಯಲು ಒಳಗೆ ಹೋಗಿದ್ದೆ.

"ಒಂದೇ ಐತಿ. ಈ ಅಚ್ಚಿಂದಾಗಿದ್ರ ಎಡಕ್ಕ ಬಲಕ್ಕ ಜೋಡಿ ಇರಬೇಕಿತ್ತು. ಯಾವುದೋ ಹಳೀ ತುಂಡ ಇರಬೇಕು" ಎಂದು ಮೈದುನ ಅದನ್ನು ಪಾನಾದ ಪೆಟ್ಟಿಗೆಗೆ ಎಸೆದ. ನಾನೂ ಹೂಂ ಅಂದೆ. ಆಗ ಏನು ಕೇಳಿದರೂ ಹೂಂ ಅನ್ನುತ್ತಿದ್ದೆ.

ಗಾಲಿ ಹಾಕಿ ಕಲ್ಲು ತೆಗೆದಾಗ ಗಾಡಿ ಒಂದು ಕಡೆಗೆ ವಾಲಿ ನಿಂತಿತು. ಎಡದ ಪಾಟಾ ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು. ಅಲ್ಲಿಯವರೆಗಿನ ಕೆಲಸವೆಲ್ಲ ನೀರಲ್ಲಿ ಹೋಮ. ಮೈದುನ ತಲೆಯ ಮೇಲೆ ಕೈಹೊತ್ತು ಕೂತ. ನಾನು ಜಾಕಿ ಎಳೆದು ತಂದೆ. ಮತ್ತೆ ಬಿಚ್ಚಿದೆವು, ಅದಲು ಬದಲು ಮಾಡಿ ಮತ್ತೆ ಕಟ್ಟಿದೆವು. ಈ ಸಲ ಗಾಡಿ ನೆಟ್ಟಗೆ ನಿಂತಿತು, ಇಂಜಿನ್ ಕೂಡ ಕೆಮ್ಮಿ ಕೆಮ್ಮಿ ಎದ್ದಿತು. ಓಣಿಯವರು ಬಾಗಿಲಿಗೆ ಬಂದು ನೋಡಿದರು. ವಿಧವೆ ಮುಂದಿನ ಸೀಟಿಗೆ ಹತ್ತಿದ್ದನ್ನೂ ನೋಡಿದರು.

ಘಟಪ್ರಭಾ ರಸ್ತೆಗೆ ಬಿದ್ದೆವು. ನೆಟ್ಟಗಿನ ರಸ್ತೆಯಲ್ಲೇ ಗಾಡಿ ಕುಡಿದವನ ಹಾಗೆ ಆಚೆ ಈಚೆ ಎಳೆಯುತ್ತಿತ್ತು. ಕಬ್ಬಿನ ಹೊಲದ ಹತ್ತಿರ ಎಡಕ್ಕೆ ಒಂದು ದೊಡ್ಡ ತಿರುವಿದೆ. ಮೈದುನ ಸ್ಟೇರಿಂಗು ತಿರುಗಿಸಿದ. ಗಾಡಿ ತಿರುಗಿತು, ತಿರುಗುತ್ತಲೇ ಹೋಯಿತು. ಅವನು ಮೈಯೆಲ್ಲ ಬಲ ಹಾಕಿ ಎಳೆದು ತರುವಷ್ಟರಲ್ಲಿ ಮುಂದಿನ ಗಾಲಿ ಕಾಲುವೆಯ ದಂಡೆಯ ಹುಲ್ಲಿನ ಮೇಲೆ ಹೋಗಿ ನಿಂತಿತ್ತು.

"ಇದರಾಗ ಮಂದೀನ ಕೂಡಿಸಿಕೊಂಡ ಹೋಗಾಕ ಆಗಂಗಿಲ್ರಿ" ಎಂದ. "ಪಾವಟಿಗಿ ಮ್ಯಾಲ ನಿಂತಾವರು ಕಾಲುವ್ಯಾಗ ಹೋಗ್ತಾರ."

ನಾನು ಆ ತಿರುವನ್ನು ನೋಡುತ್ತ ಕೂತೆ. ಇದೇ ತಿರುವಿನಲ್ಲಿ ನಮ್ಮವರು ನನ್ನನ್ನು ಹೆದರಿಸುತ್ತಿದ್ದರು. ಸ್ಟೇರಿಂಗು ತಿರುಗಿಸಿ, ಅರ್ಧಕ್ಕೆ ಎರಡೂ ಕೈ ಬಿಟ್ಟು, ನಿಶ್ಚಿಂತೆಯಿಂದ ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಕೂತುಬಿಡುತ್ತಿದ್ದರು. ನಾನು ಕಿರುಚುತ್ತಿದ್ದೆ. ಸ್ಟೇರಿಂಗು ಸಂಜೆ ಕೊಟ್ಟಿಗೆಗೆ ಬರುವ ಎತ್ತಿನ ಹಾಗೆ ತಾನಾಗಿಯೇ ತಿರುಗಿ ನೆಟ್ಟಗಾಗುತ್ತಿತ್ತು. "ಅದಕ್ಕ ದಾರಿ ಗೊತ್ತೈತಿ, ನೀ ಯಾಕ ಒದರ್ತಿ" ಎಂದು ನಗುತ್ತಿದ್ದರು.

"ಇದು ತಾನಾಗೇ ತಿರುಗಿ ಬರ್ತಿತ್ರಿ" ಎಂದೆ ಮೈದುನನಿಗೆ. "ನಾವು ಏನೋ ಬಿಟ್ಟೇವಿ."

ಅವನು ನನ್ನ ಮುಖ ನೋಡಿದ, ಇಬ್ಬರೂ ಹಿಂದಿದ್ದ ಪಾನಾದ ಪೆಟ್ಟಿಗೆ ನೋಡಿದೆವು. ಆ ಬೆಣೆ ಹಳೆಯ ತುಂಡಾಗಿರಲಿಲ್ಲ, ಅದರ ತೂತು ಪಾಟಾದ ನಡುವಿನ ಬೋಲ್ಟಿನ ಅಳತೆಯದೇ. ಅಚ್ಚಿಗೂ ಪಾಟಾಕ್ಕೂ ನಡುವೆ ಕೂತು ಅಚ್ಚನ್ನು ಸ್ವಲ್ಪ ಓರೆಯಾಗಿ ಹಿಡಿಯಲು ಮಾಡಿದ್ದು ಅದು. ಆ ಓರೆಯಿಂದಲೇ ಗಾಲಿ ನೆಟ್ಟಗಾಗುತ್ತಿತ್ತು. ಹಾಗಾದರೆ ಅದಕ್ಕೊಂದು ಜೋಡಿ ಇದ್ದೇ ಇರಬೇಕು. ಸಾವಕಾಶವಾಗಿ, ನಡೆಯುವವರ ವೇಗದಲ್ಲಿ ಗಾಡಿಯನ್ನು ಮನೆಗೆ ತಂದೆವು.

ಹಿತ್ತಲನ್ನೆಲ್ಲ ಜಾಲಾಡಿದೆವು. ಬಚ್ಚಲ ಮೋರಿಗೆ ಕೈ ಹಾಕಿದೆ, ಬೂದಿಯ ಗುಡ್ಡೆ ಕೆದರಿದೆ, ತಿಪ್ಪೆಯನ್ನೂ ಬಿಡಲಿಲ್ಲ. ಅಮಾವಾಸ್ಯೆ ಹತ್ತಿರ ಬಂದಿತ್ತು. ಅತ್ತೆ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು.

"ಏನ ಹುಡಕಾಕತ್ತೀರಿ?" ಎಂದು ಕೇಳಿದರು.

"ಏನಿಲ್ಲಬೇ" ಎಂದ ಮೈದುನ.

ಅವರು ಮತ್ತೆ ಅಕ್ಕಿಗೆ ಕೈ ಹಾಕಿದರು. ಮೈದುನ ಬೇಸತ್ತು ಹೊರಗೆ ಹೋದ. ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಾಯಿತು. ಅತ್ತೆ ದನಕ್ಕೆ ನೀರು ಕುಡಿಸಲು ಹೋಗಿದ್ದರು, ದೀಪಕ್ಕೆ ಎಣ್ಣೆ ಹಾಕೋಣವೆಂದು ನಾನು ದೇವರ ಜಗಲಿಯ ಮುಂದೆ ಕೂತೆ. ಜಗಲಿಯ ಮೇಲೆ ನಮ್ಮ ಮನೆದೇವರ ರೂಪ ಒತ್ತಿದ ಬೆಳ್ಳಿಯ ಟಾಕು, ಅದರ ಹಿಂದೆ ಒಂದು ಹೊಸ ಅರಿವೆಯ ತುಂಡು. ಮೊದಲು ಅದಿರಲಿಲ್ಲ. ಎತ್ತಿದೆ, ಭಾರವಾಗಿತ್ತು.

ಬೆಣೆ. ತುಕ್ಕಿಲ್ಲ, ತೊಳೆದಿಲ್ಲ, ಮೇಲೆ ಹಳೆಯ ಗ್ರೀಸಿನ ಕಪ್ಪು ಹಾಗೇ ಇತ್ತು. ತೆಳುವಾದ ತುದಿಯಲ್ಲಿ ಸುಣ್ಣದ ಒಂದು ಹೆಬ್ಬೆಟ್ಟು. ಬೆರಳಿನ ಸುರುಳಿ ಗೆರೆಗಳು, ಅವುಗಳ ಮೇಲೆ ಓರೆಯಾಗಿ ಕುಡುಗೋಲಿನ ಗಾಯ.

ಎಷ್ಟು ಹೊತ್ತು ಹಿಡಿದುಕೊಂಡಿದ್ದೆನೋ ತಿಳಿಯದು. ಹಿಂದೆ ಅತ್ತೆ ಬಂದು ನಿಂತಿದ್ದರು.

"ಸಿಕ್ಕಿತೇನು?" ಎಂದರು. ಕದ್ದು ಸಿಕ್ಕವರ ದನಿ ಅದಲ್ಲ, ದಣಿದವರ ದನಿ. ನನ್ನ ಎದುರು ಕೂತರು.

"ಅಂದ ತಿಕ್ಕಿ ತಿಕ್ಕಿ ಇಡಾಕತ್ತಿದ್ದೆ. ಕೈ ಅಷ್ಟ ನಡೀತಿತ್ತು, ಕಣ್ಣಿಗೆ ಏನೂ ಕಾಣ್ತಿರಲಿಲ್ಲ. ಕಡೀಕ ಇದ ಕೈಗೆ ಬಂತು. ಬೂದಿ ಹಚ್ಚೂ ಮುಂದ ನೋಡಿದೆ, ಅವನ ಹೆಬ್ಬಟ್ಟು. ಹಿಂದ ತಿರುಗಿ ನೋಡಿದ್ರ ಎಲ್ಲಾ ತೊಳದ ಇಟ್ಟಿದ್ದೆ. ಎಲ್ಲಾದರ ಮ್ಯಾಲೂ ಇತ್ತು ಅಲಾ?"

ನಾನು ಸುಳ್ಳು ಹೇಳಬಹುದಿತ್ತು. ಆ ಮುಖದ ಮುಂದೆ ಹೇಳಲು ಬಾಯಿ ಬರಲಿಲ್ಲ.

"ಇತ್ರಿ" ಎಂದೆ.

"ನೀವು ನನ್ನ ಮುಂದ ಸ್ವಚ್ಛ ಆಗೇತಿ ಅಂತ ಹೊಗಳಿದಾಗೆಲ್ಲಾ ನನಗ ತಿಳೀತಿತ್ತವಾ" ಎಂದರು.

ಅವರ ಎದೆ ಒಡೆಯದಿರಲೆಂದು ನಾವು ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆವು. ಅವರು ಒಡೆದ ಎದೆಯಲ್ಲೇ ನಮಗೆ ಚಹಾ ಕಾಸಿ ಕೊಡುತ್ತಿದ್ದರು. ನನಗೆ ಅವರ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಹಿಡಿದುಕೊಳ್ಳಲಿಲ್ಲ, ನಮ್ಮಲ್ಲಿ ಆ ರೂಢಿ ಇರಲಿಲ್ಲ.

"ಅತ್ತಿ, ಇದು ಗಾಡಿಗೆ ಬೇಕ್ರಿ" ಎಂದೆ. "ಇದಿಲ್ಲಂದ್ರ ಗಾಡಿ ಓಡಂಗಿಲ್ಲ. ಇದನ್ನ ಹುಡುಕಾಕತ್ತಿದ್ವಿ."

ಅವರಿಗೆ ಅದು ಗೊತ್ತಿರಲಿಲ್ಲ. ಯಾವುದೋ ಕಬ್ಬಿಣದ ತುಂಡು, ಒಂದು ಕಡಿಮೆಯಾದರೆ ಏನು ಎಂದುಕೊಂಡಿದ್ದರು. ಗಾಡಿ ಓಡದಿದ್ದರೆ ಏನಾಗುತ್ತದೆ ಎಂಬುದು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೆಣೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಆ ಹೊತ್ತಿಗೆ ಮೈದುನ ಒಳಗೆ ಬಂದ. ಬೆಣೆ ನೋಡಿದ, ತಾಯಿಯ ಮುಖ ನೋಡಿದ, ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಅದು ನಿನ್ನ ಹತ್ರನ ಇರ್ಲಿಬೇ" ಎಂದ. "ಇನ್ನೊಂದು ಐತಲ್ಲ, ಅದರ ಅಳತಿ ಕೊಟ್ಟು ಕಂಬಾರನ ಕಡೆ ಮಾಡಸ್ತೀನಿ. ಯಾವ ತುದಿ ಮುಂದ ಬರತೈತಿ ಅನ್ನೂದೂ ಈಗ ಗೊತ್ತಾತು."

ಅದು ಒಳ್ಳೆಯ ಮಾತೇ. ನಾನೂ ಹಾಗೇ ಮಾಡೋಣವೆನ್ನಲು ಬಾಯಿ ತೆರೆದೆ. ಅತ್ತೆ ತಲೆ ಅಲ್ಲಾಡಿಸಿದರು.

"ಬ್ಯಾಡ. ಇಲ್ಲಿಟ್ಟರ ಇದು ಉಳಿಯಂಗಿಲ್ಲ. ನಾ ದಿನಾ ಮುಂಜಾನೆ ಜಗಲಿ ಒರಸಾಕಿ. ಇವತ್ತ ನೆನಪಿಟ್ಟ ಬಿಡ್ತೀನಿ, ನಾಳಿ ಬಿಡ್ತೀನಿ. ಒಂದಿನ ಈ ಕೈ ತಾನಾಗೇ ಒರಸತೈತಿ, ನನ್ನ ಕೈ ನನಗ ಗೊತ್ತಿಲ್ಲೇನು? ಗಾಡ್ಯಾಗ ಒಳಗ ಹಾಕ್ರಿ. ಅಲ್ಲಿ ಯಾರ ಕೈನೂ ಮುಟ್ಟಂಗಿಲ್ಲ."

ಆಮೇಲೆ ನನ್ನ ಕಡೆ ತಿರುಗಿದರು. "ಇದನ್ನ ಇಟಗೊಂಡು ನಿನ್ನ ದಡ್ಡಿಗೆ ಕಳಿಸಿ, ಹುಕ್ಕೇರ್ಯಾಗ ಕುಂತು ನಾ ಏನ ಮಾಡ್ಲಿ?"

ಬೆಣೆಯನ್ನು ನನ್ನ ಕೈಗೆ ಕೊಟ್ಟು ದೀಪ ಹಚ್ಚಲು ಎದ್ದರು.

ಮರುದಿನ ಮುಂಜಾನೆ ಮತ್ತೆ ಗಾಡಿಯ ಮೂತಿ ಎತ್ತಿ ಬೋಲ್ಟುಗಳನ್ನು ಸಡಿಲಿಸಿದೆವು. ತೊಳೆದ ಬೆಣೆಯನ್ನು ಮೈದುನ ಬಲಗಡೆ ಕೂರಿಸಿದ. ಎಡಗಡೆಯದನ್ನು ನಾನೇ ಕೂರಿಸಿದೆ. ಒಂದು ಹೆಬ್ಬೆಟ್ಟು ಎಂದರೆ ಎಡಕ್ಕೆ, ಗುರುತಿನ ತುದಿ ಮುಂದಕ್ಕೆ. ಎಲ್ಲ ಕಡೆ ಗ್ರೀಸು ಹಚ್ಚಿದೆ, ಆ ತುದಿಗೆ ಮಾತ್ರ ಹಚ್ಚಲಿಲ್ಲ. ಅಚ್ಚು ಮೇಲೆ ಬಂತು, ಪಾಟಾ ಕೆಳಗೆ ಬಂತು, ನಡುವೆ ಇನ್ನೂ ಒಂದು ಬಿಳಿ ಚುಕ್ಕೆ ಕಾಣುತ್ತಿತ್ತು. ಮೈದುನ ಪಾನಾ ತಿರುಗಿಸಿದ. ಆಮೇಲೆ ಅದು ಕಾಣಲಿಲ್ಲ.

ಗಾಡಿ ಎದ್ದಾಗ ಅತ್ತೆ ಸೆರಗು ಹೊದ್ದು, ಕೈಯಲ್ಲೊಂದು ಅರಿವೆಯ ಗಂಟು ಹಿಡಿದು ಬಂದು ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು. ಮಗ ಇದ್ದಾಗ ಎಷ್ಟು ಕರೆದರೂ ಹತ್ತದ ಹೆಂಗಸು. ಎಣ್ಣೆಯ ವಾಸನೆಗೆ ಹೊಟ್ಟೆ ತೊಳಸುತ್ತದೆ ಎನ್ನುತ್ತಿದ್ದರು. ಈಗ ಯಾರೂ ಕರೆದಿರಲಿಲ್ಲ. ನಾನು ಮುಂದೆ ಕೂತೆ.

ಕಬ್ಬಿನ ಹೊಲದ ತಿರುವು ಬಂತು. ಮೈದುನ ಸ್ಟೇರಿಂಗು ತಿರುಗಿಸಿದ, ಗಾಡಿ ಬಾಗಿತು.

"ಕೈ ಬಿಡ್ರಿ" ಎಂದೆ.

"ವೈನಿ..."

"ಬಿಡ್ರಿ, ನೋಡೂಣು."

ಅವನು ಎರಡೂ ಕೈ ಎತ್ತಿದ. ಸ್ಟೇರಿಂಗು ಒಂದು ಕ್ಷಣ ಹಾಗೇ ನಿಂತಿತ್ತು. ಆಮೇಲೆ ಸಾವಕಾಶ ತಿರುಗತೊಡಗಿತು. ಯಾರ ಕೈಯೂ ಅದರ ಮೇಲಿರಲಿಲ್ಲ. ಪೂರ್ತಿ ತಿರುಗಿ ನೆಟ್ಟಗೆ ಬಂದು ನಿಂತಿತು, ಮುಂದೆ ರಸ್ತೆ ನೆಟ್ಟಗಿತ್ತು.

"ಬಂತೇನು?" ಎಂದು ಹಿಂದಿನಿಂದ ಅತ್ತೆ ಕೇಳಿದರು. ಅವರಿಗೆ ಏನು ಗೊತ್ತಿತ್ತೋ, ಮಗ ಯಾವಾಗಲಾದರೂ ಹೇಳಿದ್ದನೋ.

"ಬಂತ್ರಿ" ಎಂದೆ.

ಮೈದುನ ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಇಳಿದು, ಆ ಕಡೆ ಮುಖ ಮಾಡಿ ನಿಂತ. ಅವನ ಭುಜ ಅಲುಗುತ್ತಿತ್ತು. ನನಗೆ ಆಗಲೂ ಅಳು ಬರಲಿಲ್ಲ. ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು, ಏನೆಂದು ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು.

"ಅತ್ತಿ, ನನಗ ಹಸಿವಾಗೇತ್ರಿ."

ಅವರು ಮಡಿಲಿನ ಗಂಟು ಬಿಚ್ಚಿದರು. ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಎರಡು ರೊಟ್ಟಿ ಜೋಡಿಸಿ ನನ್ನತ್ತ ಚಾಚಿದರು. ನನ್ನ ಕೈ ಮೊಣಕೈವರೆಗೂ ಗ್ರೀಸಾಗಿತ್ತು, ಉಗುರಿನ ಸಂದಿಯೆಲ್ಲ ಕಪ್ಪಾಗಿತ್ತು. ನಾನು ಹಾಗೇ ಮುರಿದು ತಿಂದೆ, ಇನ್ನೊಂದು ಕೇಳಿ ತಿಂದೆ. ಪಕ್ಕದಲ್ಲೇ ಕಾಲುವೆ ತುಂಬಿ ಹರಿಯುತ್ತಿತ್ತು. ಅತ್ತೆ ನನ್ನ ಕೈ ನೋಡಿದರು, ಆಮೇಲೆ ಮುಖ ನೋಡಿದರು. ತೊಳಕೊಂಡ ಬಾ ಎಂದು ಹೇಳಲಿಲ್ಲ.